ಗಡುವು, ಶುಲ್ಕ, ಜೊತೆಗಾರರು: ದುಡಿಯುತ್ತಾ ಓದುವವರಿಗೆ ಯಾವ ಆನ್‌ಲೈನ್ ದಾರಿ?

ನಲವತ್ತು ದಾಟಿದ ಮೇಲೆ ಓದಲು ಕೂರುವವರಿಗೆ ಪಾಠ ಸಿಗುವುದು ಈಗ ಕಷ್ಟವಲ್ಲ, ಹಿಡಿದ ಪಾಠವನ್ನು ಕೊನೆ ಮುಟ್ಟಿಸುವುದೇ ಕಷ್ಟ. ನಾನು ದಾವಣಗೆರೆಯ ಎಪಿಎಂಸಿಯಲ್ಲಿ ಒಂದು ದಲ್ಲಾಳಿ ಅಂಗಡಿಯ ಲೆಕ್ಕಪತ್ರ ನೋಡಿಕೊಳ್ಳುವವಳು. ಮೆಕ್ಕೆಜೋಳದ ಧಾರಣೆಯ ಏರಿಳಿತದಿಂದ ಏನನ್ನು ಹೇಳಬಹುದು, ಏನನ್ನು ಹೇಳಬಾರದು ಎಂಬುದನ್ನು ಸರಿಯಾಗಿ ತಿಳಿಯಬೇಕೆಂಬ ಆಸೆಯಿಂದ ಸಂಖ್ಯಾಶಾಸ್ತ್ರದ ಆರಂಭದ ಪಾಠಗಳನ್ನು ಕಲಿಯಲು ಹೊರಟೆ. ಒಂದೇ ವಿಷಯವನ್ನು, ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ, ಬೇರೆ ಬೇರೆ ಕಾಲದಲ್ಲಿ ನಾಲ್ಕು ದಾರಿಗಳಲ್ಲಿ ಓದಿ ನೋಡಿದ್ದೇನೆ: ನಮ್ಮ ಅನುಕೂಲಕ್ಕೆ ತಕ್ಕಂತೆ ಓದಿಕೊಳ್ಳುವ ಒಂದು ವಿದೇಶಿ ವೇದಿಕೆ, ಸಂಜೆ ನೇರಪ್ರಸಾರದ ತರಗತಿ ನಡೆಸುವ ಒಂದು ಖಾಸಗಿ ಆ್ಯಪ್, ಒಂದು ಮುಕ್ತ ವಿಶ್ವವಿದ್ಯಾನಿಲಯದ ದೂರಶಿಕ್ಷಣ, ಮತ್ತು ಕೇಂದ್ರ ಸರ್ಕಾರದ ‘ಸ್ವಯಂ’ ಎಂಬ ಕಲಿಕೆಯ ಜಾಲತಾಣದಲ್ಲಿ ದೊರೆಯುವ ಎನ್‌ಪಿಟಿಇಎಲ್ ಕೋರ್ಸ್. ಪಾಠ ಹೇಳುವವರ ಜಾಣ್ಮೆಯಲ್ಲಿ ಈ ನಾಲ್ಕರ ನಡುವೆ ಅಂಥ ದೊಡ್ಡ ಅಂತರವಿಲ್ಲ. ಒಂದು ವಾರ ಓದು ತಪ್ಪಿದ ಮನುಷ್ಯನನ್ನು ಯಾವ ವ್ಯವಸ್ಥೆ ಹೇಗೆ ನಡೆಸಿಕೊಳ್ಳುತ್ತದೆ ಎಂಬುದರಲ್ಲೇ ನಿಜವಾದ ಅಂತರವಿದೆ.

ವಿದೇಶಿ ವೇದಿಕೆಯ ಪಾಠಗಳು ಅಚ್ಚುಕಟ್ಟಾಗಿದ್ದವು. ಚಿಕ್ಕ ಚಿಕ್ಕ ವೀಡಿಯೊಗಳು, ನಡುನಡುವೆ ಪ್ರಶ್ನೆಗಳು, ತಪ್ಪು ಉತ್ತರ ಕೊಟ್ಟರೆ ಎಲ್ಲಿ ತಪ್ಪಿತೆಂಬ ವಿವರಣೆ, ಇವೆಲ್ಲವೂ ಮೆಚ್ಚತಕ್ಕವು. ಆದರೆ ಅಲ್ಲಿ ಗಡುವು ಎನ್ನುವುದು ಹೆಸರಿಗೆ ಮಾತ್ರ ಇತ್ತು. ದಿನ ಮೀರಿದರೆ ಒಂದು ಗುಂಡಿ ಒತ್ತಿದರೆ ಸಾಕು, ಎಲ್ಲ ತಾರೀಖುಗಳೂ ಮುಂದಕ್ಕೆ ಸರಿಯುತ್ತಿದ್ದವು. ಕೇಳಿದಾಗಲೆಲ್ಲ ಸಿಗುವ ಇಂಥ ರಿಯಾಯಿತಿ ಕರುಣೆಯಂತೆ ಕಾಣುತ್ತದೆಯಾದರೂ, ಮನೆ, ಅಂಗಡಿ, ನೆಂಟರ ಮದುವೆ, ಮಕ್ಕಳ ಪರೀಕ್ಷೆ ಎಂದು ದಿನಕ್ಕೊಂದು ತುರ್ತು ಎದುರಾಗುವವರ ಬದುಕಿನಲ್ಲಿ, ಸರಿಸಲು ಬರುವ ಕೆಲಸವನ್ನು ಸರಿಸಲು ಬಾರದ ಕೆಲಸಗಳು ಪ್ರತಿ ಸಲವೂ ಹಿಂದಕ್ಕೆ ತಳ್ಳುತ್ತವೆ. ಹಾರ್ವರ್ಡ್ ಮತ್ತು ಎಂಐಟಿಗಳ ಮುಕ್ತ ಆನ್‌ಲೈನ್ ಕೋರ್ಸ್‌ಗಳ ದತ್ತಾಂಶವನ್ನು ಪರಿಶೀಲಿಸಿದ ಅಧ್ಯಯನವೊಂದು 2019ರಲ್ಲಿ ಸೈನ್ಸ್ ನಿಯತಕಾಲಿಕದಲ್ಲಿ ಪ್ರಕಟವಾಗಿತ್ತು. ಅದರ ಪ್ರಕಾರ 2017–18ರಲ್ಲಿ ಕೋರ್ಸ್‌ಗೆ ಸೇರಿದವರಲ್ಲಿ ಕೊನೆ ಮುಟ್ಟಿಸಿದವರು ನೂರಕ್ಕೆ ಸುಮಾರು 3 ಮಂದಿ. ಪ್ರಮಾಣಪತ್ರಕ್ಕೆಂದು ಹಣ ಕಟ್ಟಿದವರಲ್ಲಿ ಮಾತ್ರ ಈ ಸಂಖ್ಯೆ 46. ಹಣ ಕಟ್ಟುವವರು ಮೊದಲೇ ಗಟ್ಟಿ ಮನಸ್ಸು ಮಾಡಿದವರಾಗಿರಬಹುದು, ಆದ್ದರಿಂದ ಹಣವೇ ಓದಿಸಿತೆಂದು ಹೇಳಲಾಗದು. ಆದರೂ ಯಾವ ಬಂಧನವೂ ಇಲ್ಲದ ಓದು ಎಷ್ಟು ಸಡಿಲವೆಂಬುದಕ್ಕೆ ಈ ಎರಡು ಅಂಕಿಗಳ ನಡುವಿನ ಅಂತರ ಸಾಕ್ಷಿಯಾಗಿದೆ.

ಹಾಗಾದರೆ ದೊಡ್ಡ ಮೊತ್ತ ಕಟ್ಟಿಬಿಟ್ಟರೆ ಓದು ಸಾಗುತ್ತದೆಯೇ? ಖಾಸಗಿ ಆ್ಯಪ್‌ನಲ್ಲಿ ನನಗೆ ಹಾಗೆ ಕಾಣಲಿಲ್ಲ. ಶುಲ್ಕವನ್ನು ಕಂತಿನ ಸಾಲವಾಗಿ ಮೊದಲೇ ಗೊತ್ತುಮಾಡಿಬಿಡುವುದರಿಂದ, ಈ ವಾರ ಓದಿದರೂ ಓದದಿದ್ದರೂ ಕಂತು ಕಡಿತವಾಗುತ್ತದೆ. ಕೈಬಿಟ್ಟ ಹಣಕ್ಕೆ ಮುಂದಿನ ವಾರದ ಪಾಠದ ಮುಂದೆ ನಮ್ಮನ್ನು ಕೂರಿಸುವ ಶಕ್ತಿ ಇರುವುದಿಲ್ಲ. ತರಗತಿ ರಾತ್ರಿ ಎಂಟಕ್ಕೆ ಆರಂಭವಾಗುತ್ತಿತ್ತು, ಅದು ಮನೆಯಲ್ಲಿ ರೊಟ್ಟಿ ತಟ್ಟುವ ಹೊತ್ತು. ಸಂದೇಹ ಕೇಳಿದ ಕೂಡಲೇ ಉತ್ತರ ಸಿಗುವುದು ಅದರ ಹೆಚ್ಚುಗಾರಿಕೆ, ಅದನ್ನು ಅಲ್ಲಗಳೆಯಲಾರೆ. ಸಂಜೆ ಬಿಡುವಿರುವ, ಮನೆಗೆಲಸದ ಹೊರೆ ಇಲ್ಲದ ತರುಣರಿಗೆ ಅದು ಒಗ್ಗಬಹುದು.

ಮುಕ್ತ ವಿಶ್ವವಿದ್ಯಾನಿಲಯಗಳ ವಿಷಯ ಬೇರೆ. ಪದವಿ ಬೇಕೆನ್ನುವವರು, ಬಡ್ತಿಗೆ ಅಥವಾ ನೇಮಕಾತಿಗೆ ಅದು ಅಗತ್ಯವಿರುವವರು, ಮಿಕ್ಕ ಮೂರು ದಾರಿಗಳ ಕಡೆ ನೋಡುವ ಅಗತ್ಯವೇ ಇಲ್ಲ. 1985ರಲ್ಲಿ ಆರಂಭವಾದ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯ (ಇಗ್ನೋ), 1996ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾಗಿ ದಾವಣಗೆರೆಯಲ್ಲಿಯೂ ಪ್ರಾದೇಶಿಕ ಕೇಂದ್ರ ಹೊಂದಿರುವ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ, ಇವು ನಮ್ಮ ಭಾಗದವರಿಗೆ ಹತ್ತಿರದ ಹೆಸರುಗಳು. ಮಾನ್ಯತೆ ಪಡೆದ ಸಂಸ್ಥೆಗಳು ದೂರಶಿಕ್ಷಣ ಮತ್ತು ಆನ್‌ಲೈನ್ ಕ್ರಮದಲ್ಲಿ ನೀಡುವ ಪದವಿಗಳು ಕಾಲೇಜಿಗೆ ಹೋಗಿ ಪಡೆದ ಪದವಿಗಳಿಗೆ ಸಮಾನವೆಂದು ವಿಶ್ವವಿದ್ಯಾನಿಲಯ ಅನುದಾನ ಆಯೋಗ (ಯುಜಿಸಿ) 2022ರಲ್ಲಿ ಸ್ಪಷ್ಟಪಡಿಸಿದೆ. ಪಠ್ಯಪುಸ್ತಕಗಳ ಗುಣಮಟ್ಟದಲ್ಲಂತೂ ಇಗ್ನೋವನ್ನು ಮೀರಿಸುವವರನ್ನು ನಾನು ಕಂಡಿಲ್ಲ. ಒಂಟಿಯಾಗಿ ಕುಳಿತು ಓದುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಆ ಪುಸ್ತಕಗಳು ಇ-ಜ್ಞಾನಕೋಶ ಎಂಬ ತಾಣದಲ್ಲಿ ಉಚಿತವಾಗಿಯೂ ದೊರೆಯುತ್ತವೆ. ಕೊರತೆಯಿರುವುದು ಕಾಲದ ಹಂಚಿಕೆಯಲ್ಲಿ. ನಾನು ಸೇರಿದ್ದ ಕೋರ್ಸ್‌ನಲ್ಲಿ ಪ್ರವೇಶಕ್ಕೂ ಪರೀಕ್ಷೆಗೂ ನಡುವೆ ಉದ್ದನೆಯ ಖಾಲಿ ತಿಂಗಳುಗಳಿದ್ದವು. ನಿಯೋಜಿತ ಕಾರ್ಯಗಳನ್ನು ಒಪ್ಪಿಸುವ ದಿನ ಬರುವವರೆಗೆ ಓದಿದೆಯಾ ಎಂದು ಕೇಳುವವರೇ ಇರಲಿಲ್ಲ. ಓದೆಲ್ಲ ಕೊನೆಯ ತಿಂಗಳಿಗೆ ಬಂದು ಬೀಳುವಂತೆ ಆ ವ್ಯವಸ್ಥೆಯೇ ಮಾಡುತ್ತದೆ. ಹಾಗೆ ಅವಸರದಲ್ಲಿ ಓದಿದ ಸಂಖ್ಯಾಶಾಸ್ತ್ರ ಪರೀಕ್ಷೆಯ ಕೊಠಡಿಯಿಂದ ಆಚೆಗೆ ಬಹಳ ದೂರ ಬರುವುದಿಲ್ಲ.

ಎನ್‌ಪಿಟಿಇಎಲ್‌ನ ನಿಯಮಗಳನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಗೃಹಸ್ಥರ ಓದಿಗೆ ಬೇಕಾದ ಜಾಣತನ ಆ ನಿಯಮಗಳಲ್ಲೇ ಇದೆ. ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ಕಟ್ಟಿದ ಈ ಯೋಜನೆಯ ಕೋರ್ಸ್‌ಗಳು ಜನವರಿ ಮತ್ತು ಜುಲೈಯಲ್ಲಿ ಆರಂಭವಾಗುವ ಎರಡು ಅವಧಿಗಳಲ್ಲಿ, 4, 8 ಅಥವಾ 12 ವಾರ ನಡೆಯುತ್ತವೆ. ಸೇರುವುದಕ್ಕೂ ಕಲಿಯುವುದಕ್ಕೂ ಹಣವಿಲ್ಲ. ವಾರಕ್ಕೊಂದು ಅಸೈನ್‌ಮೆಂಟ್ ಇರುತ್ತದೆ, ನನ್ನ ಕೋರ್ಸ್‌ನಲ್ಲಿ ಅದರ ಗಡುವು ಬುಧವಾರ ಮಧ್ಯರಾತ್ರಿ. ಆ ಗಡುವನ್ನು ಒಬ್ಬೊಬ್ಬರಿಗಾಗಿ ಯಾರೂ ಮುಂದೂಡುವುದಿಲ್ಲ. ಆದರೆ ಅಂತಿಮ ಲೆಕ್ಕಕ್ಕೆ 12 ವಾರದ ಕೋರ್ಸ್‌ನಲ್ಲಿ ಅತ್ಯುತ್ತಮ 8 ಅಸೈನ್‌ಮೆಂಟ್‌ಗಳನ್ನು, 8 ವಾರದ್ದರಲ್ಲಿ 6ನ್ನು, 4 ವಾರದ್ದರಲ್ಲಿ 3ನ್ನು ಮಾತ್ರ ತೆಗೆದುಕೊಳ್ಳುತ್ತಾರೆ. ಅಸೈನ್‌ಮೆಂಟ್‌ಗಳಿಗೆ 25 ಅಂಕ, ಕೇಂದ್ರಕ್ಕೆ ಹೋಗಿ ಬರೆಯುವ ಪರೀಕ್ಷೆಗೆ 75 ಅಂಕ. ಪ್ರಮಾಣಪತ್ರ ಬೇಕಾದರೆ ಮೊದಲನೆಯದರಲ್ಲಿ 10, ಎರಡನೆಯದರಲ್ಲಿ 30 ಬರಲೇಬೇಕು.

ಇಲ್ಲಿ ರಿಯಾಯಿತಿ ಇದೆ, ಆದರೆ ಅದು ಮೊದಲೇ ಗೊತ್ತುಪಡಿಸಿದ ರಿಯಾಯಿತಿ. ಇಷ್ಟು ವಾರ ನಿನಗೆ ತಪ್ಪಬಹುದು ಎಂದು ನಿಯಮವೇ ಒಪ್ಪಿಕೊಂಡಿರುತ್ತದೆ, ಅದಕ್ಕಿಂತ ಹೆಚ್ಚು ತಪ್ಪಬಾರದು ಎಂದೂ ಅದೇ ನಿಯಮ ಹೇಳುತ್ತದೆ. ಮಾರ್ಚ್ ಕೊನೆಯಲ್ಲಿ ವರ್ಷದ ಲೆಕ್ಕ ಮುಗಿಸುವ ಗಡಿಬಿಡಿಯಲ್ಲಿ ಪುಸ್ತಕ ಮುಟ್ಟಲು ಸಾಧ್ಯವಾಗದೆ ಹೋದಾಗ, ವಿದೇಶಿ ವೇದಿಕೆಯಲ್ಲಾಗಿದ್ದರೆ ಇಡೀ ಕೋರ್ಸ್ ಮುಂದಕ್ಕೆ ಹೋಗುತ್ತಿತ್ತು. ಇಲ್ಲಿ ಆ ವಾರ ಮಾತ್ರ ಹೋಯಿತು, ಕೋರ್ಸ್ ತನ್ನ ಪಾಡಿಗೆ ನಡೆಯಿತು, ಮುಂದಿನ ವಾರ ನಾನು ಅದರೊಳಕ್ಕೆ ಮತ್ತೆ ಸೇರಿಕೊಂಡೆ. ಶುಲ್ಕದ ವಿಷಯದಲ್ಲಿಯೂ ಇದೇ ವಿವೇಕವಿದೆ. ಪರೀಕ್ಷೆಗೆ 1,000 ರೂಪಾಯಿ ಕಟ್ಟುವುದು ಕೆಲವು ವಾರಗಳ ಪಾಠ ಕೇಳಿದ ನಂತರ; ಅಷ್ಟರಲ್ಲಿ ವಿಷಯ ನಮಗೆ ಹಿಡಿಸಿತೇ, ನಮ್ಮ ಕೈಗೆ ನಿಲುಕುತ್ತದೆಯೇ ಎಂಬುದು ಗೊತ್ತಾಗಿರುತ್ತದೆ. ಉತ್ಸಾಹ ಇಳಿಯಲು ತೊಡಗುವ ಹೊತ್ತಿಗೆ ಸರಿಯಾಗಿ ಹಣ ಕಟ್ಟುವ ದಿನ ಬರುವುದರಿಂದ, ಆ ಮೊತ್ತ ಚಿಕ್ಕದಾದರೂ ಉಳಿದ ವಾರಗಳನ್ನು ಹಿಡಿದು ನಿಲ್ಲಿಸುತ್ತದೆ.

ಇದರಲ್ಲಿ ಕಷ್ಟಗಳೂ ಇಲ್ಲದಿಲ್ಲ. ವಾರಕ್ಕೆ ಸುಮಾರು ಎರಡೂವರೆ ಗಂಟೆಯ ಉಪನ್ಯಾಸ, ಅದೂ ಕಾಲೇಜು ವಿದ್ಯಾರ್ಥಿಗಳ ಮುಂದೆ ಮಾತನಾಡುವ ಧಾಟಿಯಲ್ಲಿ, ಬಹುಮಟ್ಟಿಗೆ ಇಂಗ್ಲಿಷಿನಲ್ಲಿ ಇರುತ್ತದೆ. ಕೆಲವು ಕೋರ್ಸ್‌ಗಳ ಪಠ್ಯ ಕನ್ನಡದಲ್ಲಿಯೂ ಲಭ್ಯವಿದೆ, ಎಲ್ಲವೂ ಬಂದಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ಮೊದಲ ವಾರಗಳಲ್ಲಿ ವೀಡಿಯೊದ ವೇಗ ತಗ್ಗಿಸಿ, ಕೆಳಗೆ ಬರುವ ಅಕ್ಷರಗಳನ್ನು ನೋಡುತ್ತಾ ಕೇಳಬೇಕಾಗುತ್ತದೆ. ಉಪನ್ಯಾಸದಲ್ಲಿ ಅರ್ಥವಾಗದ್ದನ್ನು ನಾನು ಇಗ್ನೋ ಪುಸ್ತಕದಲ್ಲಿ ಓದಿಕೊಂಡೆ, ಈ ಜೋಡಣೆಯನ್ನು ಯಾರಿಗಾದರೂ ಧೈರ್ಯವಾಗಿ ಹೇಳಬಲ್ಲೆ.

ಇನ್ನೊಂದು ಬಲ ಯಾವ ಜಾಲತಾಣವೂ ಕೊಡಲಾರದ್ದು. ಹರಿಹರದ ಪ್ರೌಢಶಾಲೆಯೊಂದರ ಶಿಕ್ಷಕಿಯೊಬ್ಬಳು, ನನಗಿಂತ ಚಿಕ್ಕವಳು, ಅದೇ ಕೋರ್ಸ್‌ಗೆ ಸೇರಿದ್ದಳು. ಗಡುವಿಗೆ ಮುಂಚೆ ಉತ್ತರ ಹಂಚಿಕೊಳ್ಳಬಾರದೆಂದು ಇಬ್ಬರೂ ಒಪ್ಪಿಕೊಂಡಿದ್ದೆವು, ಆದ್ದರಿಂದ ಗುರುವಾರ ಸಂಜೆ ಅವಳ ಫೋನ್ ಬರುತ್ತಿತ್ತು. ನಾಲ್ಕು ಅಂಕಿಗಳು ತಮ್ಮ ಸರಾಸರಿಯಿಂದ ಎಷ್ಟು ಚದುರಿವೆ ಎಂದು ಅಳೆಯುವ ಲೆಕ್ಕವೊಂದು ಬಂದಿದ್ದಾಗ, “ಅಕ್ಕ, ಐದನೇದಕ್ಕೆ ನಿಮ್ದೇನು ಬಂತು? ನಾನು ನಾಲ್ಕರಿಂದ ಭಾಗಿಸಿದೆ” ಎಂದಳು. “ಮೂರರಿಂದ ಭಾಗಿಸಬೇಕಿತ್ತು ನೋಡಮ್ಮ, ಅದು ಮಾದರಿಯ ಲೆಕ್ಕ, ಇಡೀ ಗುಂಪಿನದ್ದಲ್ಲ” ಎಂದೆನಾದರೂ, ಯಾಕೆ ಮೂರು ಎಂದು ಅವಳು ಕೇಳಿದಾಗ ಸೂತ್ರವನ್ನು ಬದಿಗಿಟ್ಟು ಮಂಡಿಯ ಧಾರಣೆ ಹಿಡಿದು ವಿವರಿಸಬೇಕಾಯಿತು. ನಾಲ್ಕು ದಿನಗಳ ಸರಾಸರಿ ಕ್ವಿಂಟಲ್‌ಗೆ 2,100 ರೂಪಾಯಿ ಎಂದು ನಿಂತುಬಿಟ್ಟ ಮೇಲೆ, ಮೂರು ದಿನದ ಧಾರಣೆ 2,050, 2,120, 2,090 ಎಂದು ತಿಳಿದರೆ ನಾಲ್ಕನೆಯ ದಿನದ್ದು 2,140 ಆಗಲೇಬೇಕು, ಬೇರೆ ಆಗಲು ಅದಕ್ಕೆ ಸ್ವಾತಂತ್ರ್ಯವಿಲ್ಲ. ಆದ್ದರಿಂದ ಸ್ವತಂತ್ರವಾಗಿ ಏರಿಳಿಯುವ ಅಂಕಿಗಳು ಮೂರೇ, ಭಾಗಿಸುವುದೂ ಮೂರರಿಂದಲೇ. ಇದನ್ನು ಅವಳಿಗೆ ಹೇಳುವಾಗಲೇ ನನಗೂ ಪೂರ್ತಿ ಅರ್ಥವಾದದ್ದು. ಗುರುವಾರ ಒಬ್ಬರು ಕೇಳುತ್ತಾರೆಂಬ ಅರಿವು ಮಂಗಳವಾರ ಬೆಳಗಿನ ಜಾವ ಎಬ್ಬಿಸಿದಷ್ಟು ಯಾವ ಆ್ಯಪ್‌ನ ಸಂದೇಶವೂ ನನ್ನನ್ನು ಎಬ್ಬಿಸಲಿಲ್ಲ.

ಹೀಗಾಗಿ ನನ್ನ ಆಯ್ಕೆ ಸ್ಪಷ್ಟ. ಪದವಿ ಬೇಕಿಲ್ಲದೆ ವಿಷಯ ಬೇಕೆನ್ನುವ ದುಡಿಯುವ ವಯಸ್ಕರಿಗೆ ಎನ್‌ಪಿಟಿಇಎಲ್ ಮೊದಲು, ಅದರ ಜೊತೆಗೆ ಇಗ್ನೋ ಪುಸ್ತಕ ಮತ್ತು ಒಬ್ಬ ಜೊತೆಗಾರರು. ವಿದೇಶಿ ವೇದಿಕೆಗಳನ್ನು ಒಂದೆರಡು ವಾರದಲ್ಲಿ ಮುಗಿಯುವ ಸಣ್ಣ ಕಲಿಕೆಗೆ, ಉದಾಹರಣೆಗೆ ಎಕ್ಸೆಲ್‌ನ ಒಂದು ಭಾಗಕ್ಕೆ, ಇಟ್ಟುಕೊಳ್ಳಬಹುದು. ಅವಧಿಯನ್ನು ಆರಿಸುವಾಗ ಮಾತ್ರ ನಮ್ಮ ನಮ್ಮ ಕಸುಬಿನ ಪಂಚಾಂಗ ನೋಡಬೇಕು. ಜುಲೈಯ 12 ವಾರದ ಕೋರ್ಸ್ ಅಕ್ಟೋಬರ್‌ಗೆ ಕಾಲಿಡುತ್ತದೆ, ಮೆಕ್ಕೆಜೋಳದ ಆವಕ ಏರುವುದೂ ಆಗಲೇ, ಆದ್ದರಿಂದ ಮಂಡಿಯಲ್ಲಿ ದುಡಿಯುವವರು ಅದನ್ನು ಬಿಡುವುದು ಲೇಸು. ಜನವರಿಯ 8 ವಾರದ ಕೋರ್ಸ್ ಮಾರ್ಚ್ ಕೊನೆಯ ಲೆಕ್ಕಕ್ಕೆ ಮುನ್ನವೇ ಪಾಠ ಮುಗಿಸುತ್ತದೆ. ಶಿಕ್ಷಕರಿಗೆ ಇದು ತಿರುಗುಮುರುಗಾಗಬಹುದು, ಮಾರ್ಚ್ ಅವರಿಗೆ ಪರೀಕ್ಷೆಯ ಕಾಲ. ಪರೀಕ್ಷೆಯ ದಿನಾಂಕ ಕೋರ್ಸ್‌ನ ಪುಟದಲ್ಲಿ ಮೊದಲೇ ಪ್ರಕಟವಾಗಿರುತ್ತದೆ, ಶುಲ್ಕ ಕಟ್ಟುವ ಮುಂಚೆ ಮನೆಯವರನ್ನು ಕೂರಿಸಿಕೊಂಡು ಆ ದಿನ ಯಾವ ಮದುವೆ, ಗೃಹಪ್ರವೇಶವೂ ಇಲ್ಲವೆಂದು ಖಚಿತಪಡಿಸಿಕೊಳ್ಳಿ.