ಸಿವಿಲೈಜೇಶನ್: ಆರಕ್ಕಿಂತ ನನಗೆ ಐದೇ ಜಾಸ್ತಿ

ಸಿವಿಲೈಜೇಶನ್ ಅಂದರೆ ಊರು ಕಟ್ಟಿ, ರಾಜ್ಯ ಬೆಳೆಸುವ ಕಂಪ್ಯೂಟರ್ ಆಟ, ಸರದಿಯ (ಟರ್ನ್) ಲೆಕ್ಕದಲ್ಲಿ ಆಡುವುದು. ಅದರ ಐದನೇ ಮತ್ತು ಆರನೇ ಆವೃತ್ತಿಗಳಲ್ಲಿ ಯಾವುದು ಚೆನ್ನ ಅಂತ ಕೇಳಿದರೆ, ಮೊದಲೇ ಹೇಳಿಬಿಡುತ್ತೇನೆ, ನಾನು ಐದರ ಕಡೆಯವನು. ಸಿವಿಲೈಜೇಶನ್ 5 ಬಂದಿದ್ದು 2010ರಲ್ಲಿ. ನನ್ನ ಲ್ಯಾಪ್‌ಟಾಪ್ ಸೇರಿದ್ದು ಎಷ್ಟೋ ವರ್ಷ ಕಳೆದ ಮೇಲೆ, ಎರಡೂ ಎಕ್ಸ್‌ಪಾನ್ಶನ್ (ಆಮೇಲೆ ಬೇರೆಯಾಗಿ ಮಾರುವ ಹೆಚ್ಚುವರಿ ಭಾಗ) ಸಮೇತ. ಆರು ಬಂದಿದ್ದು 2016ರಲ್ಲಿ. ಅದನ್ನು ಹೋದ ದೀಪಾವಳಿ ರಜೆಯಲ್ಲಿ ಸೇಲ್ ನೋಡಿ ಕೊಂಡೆ. ಇಬ್ಬರು ಹೋಟೆಲಿಗೆ ಹೋಗಿ ಮಸಾಲೆದೋಸೆ ತಿಂದು ಕಾಫಿ ಕುಡಿದರೆ ಎಷ್ಟು ಬಿಲ್ ಆಗುತ್ತದೋ ಅಷ್ಟೇ. ತಲೆಗೆ ತುಂಬಿದ್ದು ಅಕ್ಕನ ಮಗ. "ಮಾಮ, ಇನ್ನೂ ಆ ಹಳೇದನ್ನೇ ಆಡ್ತಿದ್ದೀಯಾ?" ಅಂತ ನಕ್ಕಿದ್ದ. ಮೂರು ತಿಂಗಳು ಆಡಿದೆ. ಈಗ ಮತ್ತೆ ಹಳೇದಕ್ಕೇ ಬಂದಿದ್ದೇನೆ.

ನಾನು ಯಾವಾಗ ಆಡುತ್ತೇನೆ ಅನ್ನುವುದನ್ನೂ ಹೇಳಬೇಕು. ಊಟ ಆಗಿ, ಪಾತ್ರೆ ತೊಳೆದು, ಮಗಳು ಮಲಗಿದ ಮೇಲೆ ರಾತ್ರಿ ಹತ್ತಕ್ಕೆ ಕೂರುತ್ತೇನೆ. ಹನ್ನೊಂದೂವರೆಗೆ ಏಳಬೇಕು (ಏಳುವುದಿಲ್ಲ, ಅದು ಬೇರೆ ವಿಷಯ). ವಾರಕ್ಕೆ ಮೂರು ದಿನ ಸಿಕ್ಕರೆ ಪುಣ್ಯ. ಆ ಹೊತ್ತಿಗೆ ತಲೆ ಅರ್ಧ ನಿದ್ದೆಯಲ್ಲಿರುತ್ತದೆ.

ನನ್ನನ್ನು ಆರರಿಂದ ಓಡಿಸಿದ್ದು ಒಬ್ಬ ಆಳು.

ಐದರಲ್ಲಿ ವರ್ಕರ್ ಅಂತ ಇರುತ್ತಾನೆ. ಹೊಲ ಮಾಡುವವನು, ಗಣಿ ತೋಡುವವನು, ರಸ್ತೆ ಹಾಕುವವನು, ಎಲ್ಲ ಅವನೇ. ಶತ್ರುಗಳು ಹಿಡಿದುಕೊಂಡು ಹೋಗದಿದ್ದರೆ ಆಟ ಮುಗಿಯುವ ತನಕ ಇರುತ್ತಾನೆ. ಬೇಜಾರಾದರೆ ಆಟೊಮೇಟ್ ಒತ್ತಿ ಬಿಟ್ಟುಬಿಡಬಹುದು. ಹಳೇ ಮನೆ ಆಳಿನ ಹಾಗೆ, ಹೇಳುವ ಮೊದಲೇ ಕತ್ತಿ ಹಿಡಿದು ತೋಟಕ್ಕೆ ಹೋಗಿರುತ್ತಾನೆ. ಕೆಲವು ಸಲ ಪೆದ್ದು ಕೆಲಸ ಮಾಡುತ್ತಾನೆ, ಬೇಡದ ಕಡೆ ಕಾಡು ಕಡಿಯುತ್ತಾನೆ. ಇರಲಿ. ನಾನು ನೋಡಿಕೊಂಡಿದ್ದರೂ ಅಷ್ಟೇ ಆಗುತ್ತಿತ್ತು.

ಆರರಲ್ಲಿ ಅವನ ಹೆಸರು ಬಿಲ್ಡರ್. ಅವನದು ಗುತ್ತಿಗೆ. ಮೂರೇ ಕೆಲಸ. ಗೋಧಿ ಹೊಲ ಒಂದು, ದನದ ಕೊಟ್ಟಿಗೆ ಎರಡು, ಗಣಿ ಮೂರು. ಮೂರನೆಯದು ಮುಗಿಯಿತೋ, ಮನುಷ್ಯ ಮಾಯ. ಕೆಲಸ ನಿಂತ ಕಾಲಲ್ಲೇ ಆಗುತ್ತದೆ, ಐದರ ಹಾಗೆ ಟರ್ನ್‌ಗಟ್ಟಲೆ ಕಾಯಬೇಕಿಲ್ಲ. ಅದು ನಿಜ. ಆದರೆ ಆಮೇಲೆ ಹೊಸಬ ಬೇಕು, ಹೊಸಬನ ರೇಟು ಹಿಂದಿನವನಿಗಿಂತ ಜಾಸ್ತಿ. ಮೊದಲನೆಯವನಿಗೆ 50 ಪ್ರೊಡಕ್ಷನ್ (ಊರು ದುಡಿದು ಕೂಡಿಸುವ ಅಂಕ), ಅಲ್ಲಿಂದ ಒಬ್ಬೊಬ್ಬನಿಗೂ 4 ಏರುತ್ತಾ ಹೋಗುತ್ತದೆ. ಅಡಿಕೆ ಕೊಯ್ಲಿನಲ್ಲಿ ಕೊನೆಗಾರನನ್ನು ಹುಡುಕಿಕೊಂಡು ಅಲೆದವರಿಗೆ ಈ ಸಂಕಟ ಗೊತ್ತು. ಆಟೊಮೇಟ್ ಗುಂಡಿಯಂತೂ ಇಲ್ಲವೇ ಇಲ್ಲ.

ಒಂದು ರಾತ್ರಿ ಹೀಗಾಯಿತು. ಬೆಟ್ಟದ ಮೇಲೆ ಕಬ್ಬಿಣ ಕಾಣಿಸಿತ್ತು. ಗಣಿ ಮಾಡಿದರೆ ಕತ್ತಿ ಹಿಡಿದ ಸೈನಿಕರು ಸಿಗುತ್ತಾರೆ. ಬಿಲ್ಡರ್ ಹತ್ತಿರ ಉಳಿದಿದ್ದು ಒಂದೇ ಕೆಲಸ, ಅದನ್ನು ಕಬ್ಬಿಣಕ್ಕೇ ಅಂತ ಎತ್ತಿಟ್ಟಿದ್ದೆ. ಅವನು ನಡೆದು ಹೋಗುತ್ತಿದ್ದ. ಪ್ರತಿ ಟರ್ನ್ ಆಟ ಕೇಳುತ್ತಲೇ ಇರುತ್ತದೆ, ಇವನಿಗೇನು ಹೇಳ್ತೀಯ, ಇವನಿಗೇನು ಹೇಳ್ತೀಯ ಅಂತ. ಹನ್ನೊಂದೂಕಾಲಿಗೆ, ಆಕಳಿಸುತ್ತಾ, ದಾರಿ ಮಧ್ಯದ ಹುಲ್ಲುಗಾವಲಿನಲ್ಲಿ ಹೊಲದ ಗುಂಡಿ ಒತ್ತಿಬಿಟ್ಟೆ. ಹೊಲ ಆಯಿತು. ಬಿಲ್ಡರ್ ಹೋದ. ಅಷ್ಟರಲ್ಲಿ ಬರ್ಬರರ (ಯಾವ ರಾಜ್ಯಕ್ಕೂ ಸೇರದ ದಾಳಿಕೋರರ) ಸ್ಕೌಟ್, ಅಂದರೆ ಬೇಹಿನವನು, ನನ್ನ ಊರು ನೋಡಿಕೊಂಡು ತನ್ನ ಬಿಡಾರಕ್ಕೆ ಓಡಿದ್ದ. ಆರರಲ್ಲಿ ಅವನು ವಾಪಸ್ ಮುಟ್ಟಿದರೆ ದಂಡೇ ಬರುತ್ತದೆ. ಬಂತು, ಕುದುರೆ ಸಮೇತ. ನನ್ನವರ ಕೈಯಲ್ಲಿ ದೊಣ್ಣೆ. ಲ್ಯಾಪ್‌ಟಾಪ್ ಮುಚ್ಚಿ ಮಲಗಿದೆ.

ಇದರ ಮೇಲೆ ನೆರೆ ಬೇರೆ. 2019ರ ಗ್ಯಾದರಿಂಗ್ ಸ್ಟಾರ್ಮ್ ಎಕ್ಸ್‌ಪಾನ್ಶನ್ ಹಾಕಿಕೊಂಡರೆ ನದಿ ಉಕ್ಕುತ್ತದೆ, ಜ್ವಾಲಾಮುಖಿ ಸಿಡಿಯುತ್ತದೆ. ನೆರೆ ಇಳಿದ ಮೇಲೆ ಮಣ್ಣು ಫಲವತ್ತಾಗುವುದು ಚೆನ್ನಾಗಿದೆ, ಮೆಚ್ಚಿದೆ. ಆದರೆ ಕೊಚ್ಚಿಹೋದ ಹೊಲ ರಿಪೇರಿಗೆ ಬಿಲ್ಡರೇ ಬರಬೇಕು. ರಿಪೇರಿ ಅವನ ಮೂರರ ಲೆಕ್ಕಕ್ಕೆ ಸೇರುವುದಿಲ್ಲ, ಸರಿ. ಆದರೆ ಇರಬೇಕಲ್ಲ ಅವನು! ಪಿರಮಿಡ್ ಕಟ್ಟಿದರೆ ಒಂದು ಕೆಲಸ ಹೆಚ್ಚು ಮಾಡುತ್ತಾನೆ, ಸರ್ಫ್‌ಡಮ್ ಅನ್ನುವ ಪಾಲಿಸಿ (ರಾಜ್ಯದ ನೀತಿ) ಕಾರ್ಡ್ ಹಾಕಿದರೆ ಎರಡು. ಸರ್ಫ್‌ಡಮ್ ಅಂದರೆ ಹೆಚ್ಚುಕಮ್ಮಿ ಜೀತ. ಅದೊಂದು ಬಾಕಿ ಇತ್ತು ನನ್ನ ರಾಜ್ಯದಲ್ಲಿ.

ಆರರ ಒಳ್ಳೆಯತನ ಹೇಳದಿದ್ದರೆ ತಪ್ಪಾಗುತ್ತದೆ. ಐದರಲ್ಲಿ ಲೈಬ್ರರಿ, ದೇವಸ್ಥಾನ, ಪಿರಮಿಡ್ ಎಲ್ಲ ಒಂದೇ ಚೌಕಟ್ಟಿನೊಳಗೆ ತುಂಬಿಕೊಳ್ಳುತ್ತವೆ. ಆರರಲ್ಲಿ ಊರು ನೆಲದ ಮೇಲೆ ಹರಡಿಕೊಳ್ಳುತ್ತದೆ. ವಿದ್ಯೆಯ ಕ್ಯಾಂಪಸ್ ಬೆಟ್ಟದ ಪಕ್ಕ ಇಟ್ಟರೆ ಲಾಭ, ಪಿರಮಿಡ್‌ಗೆ ಮರಳುಗಾಡು ಬೇಕು. ಅಕ್ಕನ ಮಗನ ಸ್ಕ್ರೀನ್ ನೋಡಿದ್ದೇನೆ, ನೂರು ಟರ್ನ್ ಆಚೆಗೆ ಎಲ್ಲಿ ಏನು ಬರಬೇಕು ಅಂತ ಮ್ಯಾಪ್ ತುಂಬಾ ಪಿನ್ ಚುಚ್ಚಿರುತ್ತಾನೆ, ಸೈಟ್ ಪ್ಲಾನ್ ತರಹ. ನಾನು ಬೆಟ್ಟದ ಬುಡದಲ್ಲಿ ದೇವಸ್ಥಾನದ ಡಿಸ್ಟ್ರಿಕ್ಟ್ (ಊರಿನ ಬಡಾವಣೆ) ಇಟ್ಟು, ಕ್ಯಾಂಪಸ್‌ಗೆ ಜಾಗವಿಲ್ಲದೆ ಕೂತೆ. ಒಂದು ಸಲ ಇಟ್ಟರೆ ಎತ್ತುವ ಹಾಗಿಲ್ಲ. "ಮಾಮ, ನೀನು ನೋಡ್ದೆ ಊರು ಕಟ್ತೀಯ" ಅಂದ. ಹೌದಪ್ಪ, ಬೆಂಗಳೂರಿನವನು.

ಇನ್ನೊಂದು, ಊರಿನ ಸಂಖ್ಯೆ. ಐದರಲ್ಲಿ ನಾಲ್ಕು ಊರು ಸಾಕು. ಜಾಸ್ತಿ ಕಟ್ಟಿದಷ್ಟೂ ಪಾಲಿಸಿಯೂ ವಿಜ್ಞಾನವೂ ದುಬಾರಿ, ಜನರಿಗೂ ಅಸಮಾಧಾನ. ಆಟದಲ್ಲಿ ಗಾಂಧೀಜಿ ನಾಯಕರಾಗಿರುವ ಇಂಡಿಯಾಕ್ಕಂತೂ ಊರಿನ ಲೆಕ್ಕದ ಅಸಮಾಧಾನ ಇಮ್ಮಡಿ, ಜನಸಂಖ್ಯೆಯದು ಅರ್ಧ. ಹಾಗಾಗಿ ದೆಹಲಿ, ಮುಂಬೈ, ವಿಜಯನಗರ ಅಂತ ಮೂರ್ನಾಲ್ಕು ದೊಡ್ಡ ಊರು ಸಾಕಿಕೊಂಡು ಹಾಯಾಗಿರಬಹುದು. ಆರರಲ್ಲಿ ಎಂಟು-ಹತ್ತು ಊರಿಲ್ಲದಿದ್ದರೆ ಹಿಂದೆ ಬೀಳುತ್ತೀರಿ. ಹತ್ತು ಊರು, ಒಂದೊಂದಕ್ಕೂ ಆಳು. ಲೆಕ್ಕ ಹಾಕಿ.

ರಸ್ತೆಯಲ್ಲಿ ಆರು ಗೆದ್ದಿತು: ವ್ಯಾಪಾರಿ ಓಡಾಡಿದ ಕಡೆ ತಾನೇ ಬೀಳುತ್ತದೆ, ಖರ್ಚಿಲ್ಲ. ನಡಿಗೆಯಲ್ಲಿ ಐದು: ಆರರಲ್ಲಿ ಆ ಟರ್ನಿನ ನಡಿಗೆ ಸಾಕಷ್ಟು ಉಳಿದಿರದೆ ಗುಡ್ಡ ಹತ್ತುವ ಹಾಗಿಲ್ಲ. ಬಣ್ಣ ಆರರದು ಜಾತ್ರೆ ಆಟಿಕೆ ಥರ, ಮಗಳಿಗೆ ಇಷ್ಟವಾಯಿತು. ನನ್ನ ಲ್ಯಾಪ್‌ಟಾಪಿನ ಫ್ಯಾನ್‌ಗೆ ಇಷ್ಟವಾಗಲಿಲ್ಲ.

ಕಂಪ್ಯೂಟರ್ ಆಡಿಸುವ ಎದುರಾಳಿಗಳು ಎರಡರಲ್ಲೂ ಯುದ್ಧಕ್ಕೆ ಅಷ್ಟಕ್ಕಷ್ಟೇ. ಆರರಲ್ಲಿ ಒಬ್ಬೊಬ್ಬರಿಗೂ ಒಂದೊಂದು ಹಠ ಕೊಟ್ಟಿದ್ದಾರೆ. ನಾರ್ವೆಯ ಹೆರಾಲ್ಡ್ ನನ್ನ ನೌಕಾಪಡೆ ಸಣ್ಣದು ಅಂತ ಬಂದು ಬಂದು ಹಂಗಿಸುತ್ತಾನೆ. ನನ್ನ ಊರಿಗೆ ಸಮುದ್ರವೇ ಇಲ್ಲ ಮಾರಾಯ. 2018ರ ರೈಸ್ ಆ್ಯಂಡ್ ಫಾಲ್ ಎಕ್ಸ್‌ಪಾನ್ಶನ್‌ನಲ್ಲಿ ಇಂಡಿಯಾಕ್ಕೆ ಚಂದ್ರಗುಪ್ತ ಮೌರ್ಯನೂ ಬಂದ. ಪಕ್ಕದವರ ಮೇಲೆ ದಂಡೆತ್ತಿ ಹೋಗಲು ಅವನ ಸೈನ್ಯಕ್ಕೆ ಹೆಚ್ಚಿನ ವೇಗ, ಬಲ. ನಾನು ಕೇಳಿ ಬೆಳೆದ ಚಂದ್ರಗುಪ್ತ ಬೇರೆ. ರಾಜ್ಯ ಬಿಟ್ಟು, ಭದ್ರಬಾಹು ಜೊತೆ ಶ್ರವಣಬೆಳಗೊಳಕ್ಕೆ ಬಂದು, ಸಲ್ಲೇಖನದಿಂದ ದೇಹ ಬಿಟ್ಟ ಅನ್ನುತ್ತದೆ ಜೈನ ಪರಂಪರೆ. ಚಂದ್ರಗಿರಿ ಹತ್ತಿದಾಗಲೆಲ್ಲ ಆ ಕತೆ ನೆನಪಾಗುತ್ತದೆ. ಸ್ಕ್ರೀನಿನಲ್ಲಿ ಅವನು ಆನೆ ನುಗ್ಗಿಸಿಕೊಂಡು ಬಂದಾಗ ಸ್ವಲ್ಪ ಕಸಿವಿಸಿಯಾಯಿತು. ಸೋತೆ ಅನ್ನೋದು ಇನ್ನೊಂದು ಕಾರಣ ಇರಬಹುದು.

ಕೊಳ್ಳುವವರಿಗೆ: ಐದನ್ನು ಎಕ್ಸ್‌ಪಾನ್ಶನ್ ಇಲ್ಲದೆ ಬರಿದಾಗಿ ತಗೋಬೇಡಿ. ಧರ್ಮ, ಗೂಢಚಾರರು ಬಂದಿದ್ದು 2012ರ ಗಾಡ್ಸ್ ಆ್ಯಂಡ್ ಕಿಂಗ್ಸ್‌ನಲ್ಲಿ, ವ್ಯಾಪಾರ ಮಾರ್ಗ 2013ರ ಬ್ರೇವ್ ನ್ಯೂ ವರ್ಲ್ಡ್‌ನಲ್ಲಿ. ಎಲ್ಲ ಸೇರಿದ ಕಂಪ್ಲೀಟ್ ಎಡಿಶನ್ ಸೇಲ್‌ಗೆ ಬಂದಾಗ ಹಿಡಿಯಿರಿ. ಆರು ಬರಿದಾಗಿಯೂ ತುಂಬಿಕೊಂಡಿದೆ, ಆದರೆ ನೆರೆ, ಚಂದ್ರಗುಪ್ತ ಬೇಕಾದರೆ ಮತ್ತೆ ಜೇಬಿಗೆ ಕೈ ಹಾಕಬೇಕು. ನನಗೆ ದೋಸೆ ಬಿಲ್ಲು ಅಂತ ಶುರುವಾಗಿದ್ದು ಮನೆಮಂದಿಯ ಊಟದ ಬಿಲ್ಲಾಯಿತು. ಭಾನುವಾರ ಇಡೀ ದಿನ ಕೂತು, ಪೆನ್ನು ಕಾಗದ ಹಿಡಿದು ಆಡುವವರಾದರೆ ಆರೇ ತಗೊಳ್ಳಿ, ನನ್ನ ಮಾತು ಕೇಳಬೇಡಿ.

2025ರಲ್ಲಿ ಏಳೂ ಬಂದಿದೆ. ಅದರಲ್ಲಿ ಬಿಲ್ಡರ್ ಅನ್ನೋನೇ ಇಲ್ಲ, ಊರು ಬೆಳೆದಾಗ ಜಾಗ ತೋರಿಸಿದರೆ ಹೊಲವೋ ಗಣಿಯೋ ತಾನೇ ಆಗುತ್ತದೆ. ಅಕ್ಕನ ಮಗ ಆಗಲೇ ಕಿವಿ ಕಚ್ಚಲು ಶುರು ಮಾಡಿದ್ದಾನೆ. ದೋಸೆ ರೇಟಿಗೆ ಇಳಿಯಲಿ, ನೋಡೋಣ ಅಂದಿದ್ದೇನೆ.