ಹೇಗ್ ಕೋರ್ಟಾ, ಕೊಬ್ಲೆಂಜ್ ದಾರಿಯಾ?

ಕಲಬುರಗಿ ಸೂಪರ್ ಮಾರ್ಕೆಟ್‌ನಲ್ಲಿ ಮಿರ್ಚಿ ಭಜಿ ತಿನ್ನುವಾಗ ಎಲ್‌ಎಲ್‌ಬಿ ಓದುವ ತಮ್ಮ ಕೇಳಿದ, 'ಅಣ್ಣಾ, ಯುದ್ಧಾಪರಾಧದ ಪ್ರಾಜೆಕ್ಟಿಗೆ ಯಾವುದು ತಗೊಳ್ಳಲಿ?' ಎಣ್ಣೆ ಹತ್ತಿದ ಪೇಪರ್ ಮೇಲೆ ಎರಡು ಹೆಸರು ಬರೆದಿದ್ದ.

ಒಂದು, ಹೇಗ್‌ನ ಅಂತರರಾಷ್ಟ್ರೀಯ ಕ್ರಿಮಿನಲ್ ಕೋರ್ಟ್. 2002ರಿಂದ ಇದೆ, ಹೆಸರು ದೊಡ್ಡದು. ಆದರೆ ಸಿರಿಯಾ ಯುದ್ಧದ ಉದಾಹರಣೆ ನೋಡಿ: ಸಿರಿಯಾ ಅದರ ಸದಸ್ಯನಲ್ಲ, ವಿಶ್ವಸಂಸ್ಥೆಯ ಭದ್ರತಾ ಮಂಡಳಿಯೇ ಕೇಸ್ ಕಳಿಸಬೇಕಿತ್ತು, 2014ರಲ್ಲಿ ರಷ್ಯಾ, ಚೀನಾ ವೀಟೊ ಹಾಕಿದವು, ಅಲ್ಲಿಗೆ ಮುಗೀತು.

ಇನ್ನೊಂದು, ಅಪರಾಧ ಎಲ್ಲೇ ನಡೆದರೂ ಬೇರೆ ದೇಶದ ಕೋರ್ಟ್ ವಿಚಾರಣೆ ಮಾಡುವ ಸಾರ್ವತ್ರಿಕ ನ್ಯಾಯವ್ಯಾಪ್ತಿ. ಸಿರಿಯಾದ ಜೈಲಿನ ಚಿತ್ರಹಿಂಸೆಗೆ ಹೊಣೆಯಾದ ಅಧಿಕಾರಿ ಅನ್ವರ್ ರಸ್ಲಾನ್ ಜರ್ಮನಿಗೆ ಬಂದು ಸೇರಿಕೊಂಡಿದ್ದ. ಅಲ್ಲಿನ ಕೊಬ್ಲೆಂಜ್ ನಗರದ ಕೋರ್ಟ್ 2022ರಲ್ಲಿ ಅವನಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಆರೋಪಿ ಕೈಗೆ ಸಿಗಬೇಕು, ಅದೇ ಕಷ್ಟ.

ನಾನಾದರೆ ಎರಡನೇದೇ. ಭಾರತ ಚಿತ್ರಹಿಂಸೆ ವಿರೋಧಿ ಒಪ್ಪಂದಕ್ಕೆ 1997ರಲ್ಲಿ ಸಹಿ ಹಾಕಿಯೂ ಅನುಮೋದಿಸಿಲ್ಲ ಅಲ್ವಾ, ಅದನ್ನೂ ಒಂದು ಅಧ್ಯಾಯ ಮಾಡಬಹುದು.