ಪಿಗ್ಮಿ ಸಂಗ್ರಹಕ್ಕೆ ಎಂಟು ವರ್ಷ ಓಡಿಸಿದ ಸ್ಪ್ಲೆಂಡರ್: ಲೀಟರಿಗೆ ಎಷ್ಟು ಕೊಟ್ಟಿತು?

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಆಸುಪಾಸಿನಲ್ಲಿ ಸಹಕಾರಿ ಬ್ಯಾಂಕೊಂದಕ್ಕೆ ಪಿಗ್ಮಿ, ಅಂದರೆ ದಿನದಿನದ ಸಣ್ಣ ಉಳಿತಾಯದ ಹಣ, ಸಂಗ್ರಹಿಸುವುದು ನನ್ನ ಕೆಲಸ. ಬೆಳಗ್ಗೆ ಒಂಬತ್ತಕ್ಕೆ ಮನೆ ಬಿಟ್ಟರೆ ನೀರ್ಚಾಲು, ಸೀತಾಂಗೋಳಿ, ಒಂದು ದಿನ ಪೆರ್ಲ, ಮರುದಿನ ಮುಳ್ಳೇರಿಯ. ಅರವತ್ತಕ್ಕೂ ಮಿಕ್ಕಿ ಅಂಗಡಿ, ಹೋಟೆಲು, ಕ್ಷೌರದಂಗಡಿಗಳ ಮುಂದೆ ನಿಲ್ಲಿಸಿ, ಇಳಿದು, ಮತ್ತೆ ಹೊರಡಬೇಕು. ದಿನದ ಸರಾಸರಿ 52 ಕಿಲೋಮೀಟರ್. ಸಂಬಳವೆಂದರೆ ಕಮಿಷನ್ ಮಾತ್ರ, ಪೆಟ್ರೋಲ್ ಖರ್ಚು ಸ್ವಂತದ್ದು. ಪೆಟ್ರೋಲಿಗೆ ಒಂದು ರೂಪಾಯಿ ಏರಿದರೆ ಅದು ನೇರವಾಗಿ ನಮ್ಮ ಮನೆಯ ಅಕ್ಕಿ ಸಾಮಾನಿನ ಚೀಟಿಗೆ ಬಂದು ತಗಲುತ್ತದೆ.

ಸ್ಪ್ಲೆಂಡರ್ ಪ್ಲಸ್ ಕೊಂಡದ್ದು 2017ರ ಆಗಸ್ಟಿನಲ್ಲಿ. 97.2 ಸಿಸಿ ಎಂಜಿನ್, ನಾಲ್ಕು ಗೇರು, ಕಾರ್ಬುರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸುವ ಭಾಗ) ಇದ್ದ, ಹೊಗೆ ನಿಯಮದ ಬಿಎಸ್-4 ಹಂತದ ಮಾದರಿ. ಅದೇ ವರ್ಷ ಜೂನ್ 16ರಿಂದ ದೇಶದಾದ್ಯಂತ ಪೆಟ್ರೋಲ್ ಬೆಲೆ ದಿನದಿನವೂ ಬದಲಾಗುವ ಪದ್ಧತಿ ಬಂದಿತ್ತು. ಆ ಕಾರಣಕ್ಕೇ ಒಂದು ಇನ್ನೂರು ಪುಟದ ಪುಸ್ತಕ ತೆಗೆದು ತುಂಬಿಸಿದ ದಿನ, ಮೀಟರಿನ ಅಂಕಿ, ಲೀಟರು, ಬೆಲೆ ಎಂದು ನಾಲ್ಕು ಗೆರೆ ಎಳೆದೆ. ಇಂದು ಮೀಟರ್ 1,12,000 ದಾಟಿದೆ, ಪುಸ್ತಕ ಮೂರನೆಯದು. ಎಂಟು ವರ್ಷಗಳ ಒಟ್ಟು ಸರಾಸರಿ ಲೀಟರಿಗೆ 63.6 ಕಿಲೋಮೀಟರ್. ನನ್ನ ಹಾಗೆ ಮಾರಿಗೊಮ್ಮೆ ನಿಲ್ಲಿಸುವವನಿಗೆ, ನಮ್ಮ ಗುಡ್ಡೆ ಚಡಾವುಗಳ ಊರಿನಲ್ಲಿ, ಇದು ಚೆನ್ನಾದ ಅಂಕಿ ಎಂದೇ ನನ್ನ ತೀರ್ಮಾನ. ಆದರೆ ಅದೇ ಬೈಕು 57ನ್ನೂ ತೋರಿಸಿದೆ, 69ನ್ನೂ ತೋರಿಸಿದೆ.

ಅಳೆಯುವ ಕ್ರಮವನ್ನು ಮೊದಲು ಹೇಳುತ್ತೇನೆ. 'ರಿಸರ್ವಿಗೆ ಬಿದ್ದಾಗ ನೂರು ರೂಪಾಯಿಗೆ ಹಾಕಿಸಿದೆ, ಮತ್ತೆ ರಿಸರ್ವಿಗೆ ಬರುವಾಗ ಇಷ್ಟು ಓಡಿತ್ತು' ಎನ್ನುವ ಲೆಕ್ಕವನ್ನು ನಾನು ನಂಬುವುದಿಲ್ಲ. ಇಳಿಜಾರಿನಲ್ಲಿ ನಿಂತಾಗ ಒಂದು ಕಡೆ, ಚಡಾವಿನಲ್ಲಿ ಇನ್ನೊಂದು ಕಡೆ ರಿಸರ್ವಿಗೆ ಬೀಳುತ್ತದೆ. ಒಂದೇ ಪಂಪಿನಲ್ಲಿ, ಒಂದೇ ಜಾಗದಲ್ಲಿ, ಡಬಲ್ ಸ್ಟ್ಯಾಂಡ್ ಹಾಕಿ, ಟ್ಯಾಂಕಿನ ಒಳಬಾಯಿಯ ಒಂದೇ ಗುರುತಿನವರೆಗೆ ತುಂಬಿಸಬೇಕು. ಮುಂದಿನ ಸಲ ಮತ್ತೆ ಅದೇ ಗುರುತಿನವರೆಗೆ. ನಡುವೆ ಓಡಿದ ಕಿಲೋಮೀಟರನ್ನು ಎರಡನೆಯ ಸಲ ಹಾಕಿಸಿದ ಲೀಟರಿನಿಂದ ಭಾಗಿಸಿದರೆ ಸಿಗುವುದೇ ನಿಜವಾದ ಮೈಲೇಜು. ಅದೂ ಒಂದು ಸಲದ್ದು ಸಾಲದು. ನಾಲ್ಕು ಸಲದ ಸರಾಸರಿ ಬಂದ ಮೇಲೆಯೇ ನಾನು ಏರಿತು, ಇಳಿಯಿತು ಎನ್ನುವುದು.

ಹೀಗೆ ಬರೆದಿಟ್ಟದ್ದರಿಂದಲೇ 2019ರ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಒಂದು ದೋಷ ಕೈಗೆ ಸಿಕ್ಕಿತು. ಕೆಮ್ಮಣ್ಣಿನ ನೀರು ಹಾರಿ ಹಾರಿ ಚೈನ್ ಸಡಿಲಾಗಿತ್ತು. ಸರ್ವಿಸ್ ಸೆಂಟರಿನಲ್ಲಿ ಬಿಗಿ ಮಾಡಿಸಿ ತಂದೆ. ಆ ಮೇಲೆ 66 ಇದ್ದದ್ದು 61, ಮುಂದಿನ ಸಲ 60. ಮಳೆಗಾಲ ಅಲ್ಲವೇ ಎಂದು ಮೂರು ವಾರ ಸುಮ್ಮನಿದ್ದೆ. ಕೊನೆಗೆ ನೀರ್ಚಾಲಿನಲ್ಲಿ ಪರಿಚಯದ ಮೆಕ್ಯಾನಿಕ್ ಒಬ್ಬರಿಗೆ ಪುಸ್ತಕ ತೋರಿಸಿದೆ. ಅವರು ಬೈಕನ್ನು ಡಬಲ್ ಸ್ಟ್ಯಾಂಡಿಗೆ ಏರಿಸಿ, ನ್ಯೂಟ್ರಲ್ ಮಾಡಿ, ಹಿಂದಿನ ಚಕ್ರವನ್ನು ಅಂಗೈಯಿಂದ ಒಮ್ಮೆ ಜೋರಾಗಿ ಎಳೆದು ಬಿಟ್ಟರು. ಚಕ್ರ ಒಂದು ಸುತ್ತೂ ಪೂರ್ತಿ ತಿರುಗದೆ ಸರ್ ಎಂದು ನಿಂತಿತು.

"ನೋಡಿ ಅಣ್ಣ, ಬ್ರೇಕ್ ಹಿಡಿದುಕೊಂಡೇ ಮೂರು ವಾರ ಓಡಿಸಿದ್ದೀರಿ."

ಚೈನ್ ಬಿಗಿ ಮಾಡುವಾಗ ಹಿಂದಿನ ಚಕ್ರ ಸ್ವಲ್ಪ ಹಿಂದಕ್ಕೆ ಸರಿಯುತ್ತದೆ. ಚಕ್ರ ಸರಿದಾಗ ಬ್ರೇಕಿನ ಸರಳೂ ಎಳೆದುಕೊಳ್ಳುತ್ತದೆ, ಡ್ರಮ್ಮಿನ ಒಳಗೆ ಬ್ರೇಕ್ ಶೂ ಉಜ್ಜತೊಡಗುತ್ತದೆ. ಚೈನ್ ಮುಟ್ಟಿದವರು ಬ್ರೇಕಿನ ನಟ್ಟನ್ನೂ ಅಷ್ಟೇ ಸಡಿಲಿಸಬೇಕು. ಸರ್ವಿಸ್ ಸೆಂಟರಿನಲ್ಲಿ ಅದನ್ನು ಮರೆತಿದ್ದರು. ಮೆಕ್ಯಾನಿಕ್ ಸರಳಿನ ತುದಿಯ ನಟ್ಟನ್ನು ಎರಡು ಸುತ್ತು ಬಿಚ್ಚಿದರು, ಪೆಡಲನ್ನು ಒತ್ತಿ ಒಂದು ಇಂಚಿನಷ್ಟು ಸಡಿಲ ಇದೆಯೇ ಎಂದು ನೋಡಿದರು, ಮತ್ತೆ ಚಕ್ರ ತಿರುಗಿಸಿದರು. ಈಗ ಸದ್ದಿಲ್ಲದೆ ಮೂರು ಸುತ್ತು. ಹಣ ಕೊಡಹೋದರೆ ತೆಗೆದುಕೊಳ್ಳಲಿಲ್ಲ. ಮುಂದಿನ ಸಲ ಪುಸ್ತಕದಲ್ಲಿ 65.8 ಬಂತು. ಅಂದಿನಿಂದ ಪ್ರತಿ ಭಾನುವಾರ ಬೆಳಗ್ಗೆ ಕಾಫಿಗೆ ಮೊದಲು ಎರಡೂ ಚಕ್ರಗಳನ್ನು ತಿರುಗಿಸಿ ನೋಡುವುದು ನನಗೆ ರೂಢಿ. ಪಂಪಿನಿಂದ ಆಗಲೇ ಬಂದ ಬೈಕಾದರೆ ಸ್ವಲ್ಪ ಹೊತ್ತು ಬಿಟ್ಟು ನೋಡಿ, ಡ್ರಮ್ ಬಿಸಿಯಾಗಿರುತ್ತದೆ.

ಟಯರಿನ ಗಾಳಿಯ ಒತ್ತಡವನ್ನೂ ಅಂದೇ ನೋಡುತ್ತೇನೆ. ಒಬ್ಬನೇ ಹೋಗುವಾಗ ಮುಂದೆ 25 ಪಿಎಸ್‌ಐ, ಹಿಂದೆ 28. ಗಾಳಿ ಹಾಕುವ ಅಂಗಡಿಗಳಲ್ಲಿ ಹೆಚ್ಚಿನವರು ಅಂದಾಜಿನಲ್ಲಿ ಹಾಕುತ್ತಾರೆ. ನಾನು ಒಂದು ಸಣ್ಣ ಗೇಜು ಕೊಂಡು ಕ್ಯಾಷ್ ಚೀಲದಲ್ಲೇ ಇಟ್ಟುಕೊಂಡಿದ್ದೇನೆ, ಅದರ ಬೆಲೆ ಮೊದಲ ಎರಡು ತಿಂಗಳಲ್ಲೇ ಹುಟ್ಟಿದೆ.

ಎಲ್ಲಕ್ಕಿಂತ ಕೆಟ್ಟ ಕಾಲ ಬಂದದ್ದು 2022ರ ಕೊನೆಗೆ. ವಾರಕ್ಕೆ ಎರಡು ಸಲ ಕಾಸರಗೋಡಿಗೆ ಹೋಗಬೇಕಾಗಿತ್ತು. ರಾಷ್ಟ್ರೀಯ ಹೆದ್ದಾರಿ 66ನ್ನು ಆರು ಪಥ ಮಾಡುವ ಕೆಲಸ ಕರ್ನಾಟಕದ ಗಡಿಯ ತಲಪಾಡಿಯಿಂದ ಚೆಂಗಳದವರೆಗೆ ನಡೆಯುತ್ತಿದ್ದ ದಿನಗಳವು. ಚೆರ್ಕಳದಲ್ಲಿ ಸಿಕ್ಕಿಕೊಂಡರೆ ಟಿಪ್ಪರುಗಳ ಹಿಂದೆ ಕೆಂಪು ಧೂಳಿನಲ್ಲಿ ನಿಲ್ಲಬೇಕು. ಜನವರಿಯ ಹೊತ್ತಿಗೆ ಮೈಲೇಜು 57ಕ್ಕೆ ಇಳಿಯಿತು, ಚಡಾವಿನಲ್ಲಿ ಬೈಕು ಉಬ್ಬಸ ಬಂದವರ ಹಾಗೆ ಏದುಸಿರು ಬಿಡುತ್ತಿತ್ತು. ಕಾರ್ಬುರೇಟರ್ ಟ್ಯೂನ್ ಮಾಡಿಸಿದೆ, ಪ್ಲಗ್ ಬದಲಿಸಿದೆ, ಎರಡರಿಂದಲೂ ಗುಣ ಕಾಣಲಿಲ್ಲ. ಏರ್ ಫಿಲ್ಟರ್ ಬಿಚ್ಚಿದಾಗ ಕಾಗದದ ಮಡಿಕೆಗಳ ನಡುವೆ ಅರಸಿನ ಕುಂಕುಮ ಕಲಸಿ ಮೆತ್ತಿದ ಹಾಗೆ ಧೂಳು ತುಂಬಿತ್ತು. ಗಾಳಿ ಕಡಿಮೆಯಾದರೆ ಕಾರ್ಬುರೇಟರಿನಲ್ಲಿ ಪೆಟ್ರೋಲಿನ ಪಾಲು ಹೆಚ್ಚುತ್ತದೆ, ಪೂರ್ತಿ ಉರಿಯದೆ ಹೊಗೆಯಾಗಿ ಹೋಗುತ್ತದೆ. ಪ್ಲಗ್ಗಿನ ತುದಿ ಮಸಿ ಹಿಡಿದು ಕಪ್ಪಾಗಿದ್ದಾಗಲೇ ನನಗೆ ಹೊಳೆಯಬೇಕಿತ್ತು. ಹೊಸ ಫಿಲ್ಟರ್ ಹಾಕಿದ ಮೇಲೆ ನಾಲ್ಕು ಸಲದ ಸರಾಸರಿ 65. ತಿಂಗಳಿಗೆ 1,300 ಕಿಲೋಮೀಟರ್ ಓಡುವವನಿಗೆ 57 ಮತ್ತು 65ರ ನಡುವೆ ಹೆಚ್ಚುಕಡಿಮೆ ಮೂರು ಲೀಟರು ವ್ಯತ್ಯಾಸ. ಆಗಿನ ದರದಲ್ಲಿ ತಿಂಗಳಿಗೆ ಮುನ್ನೂರು ರೂಪಾಯಿಗೂ ಮೇಲೆ. ಕೈಪಿಡಿ ಹೇಳಿದ ಅವಧಿ ಸಾಮಾನ್ಯ ರಸ್ತೆಗೆ ಸರಿ. ಕಾಮಗಾರಿ ನಡೆಯುವ ರಸ್ತೆಯಲ್ಲಿ ದಿನವೂ ಹೋಗುವವರು ಅದರ ಅರ್ಧಕ್ಕೇ ಫಿಲ್ಟರ್ ನೋಡಿಸಿ.

ಈಗ ಗಡಿಯ ವಿಚಾರ. ನಮ್ಮ ಕಡೆಯವರು ಇಬ್ಬರು ಸೇರಿದರೆ ಈ ಮಾತು ಬಾರದೆ ಇರುವುದಿಲ್ಲ. 2021ರ ನವೆಂಬರಿನಲ್ಲಿ ಕೇಂದ್ರ ಸರಕಾರ ಪೆಟ್ರೋಲಿನ ಅಬಕಾರಿ ಸುಂಕವನ್ನು 5 ರೂಪಾಯಿ ಇಳಿಸಿದಾಗ ಕರ್ನಾಟಕ ತನ್ನ ತೆರಿಗೆಯಲ್ಲೂ 7 ರೂಪಾಯಿ ಇಳಿಸಿತು, ಕೇರಳ ಇಳಿಸಲಿಲ್ಲ. 2023ರ ಏಪ್ರಿಲಿನಿಂದ ಕೇರಳ 2 ರೂಪಾಯಿಯ ಸಾಮಾಜಿಕ ಭದ್ರತಾ ಸೆಸ್ ಸೇರಿಸಿತು. ತಲಪಾಡಿಯ ಆಚೆಗಿನ ಪಂಪುಗಳಲ್ಲಿ ಕೇರಳ ನೋಂದಣಿಯ ವಾಹನಗಳ ಸಾಲು ಎಲ್ಲರೂ ಕಂಡದ್ದೇ. 2024ರ ಜೂನಿನಲ್ಲಿ ಕರ್ನಾಟಕ ಪೆಟ್ರೋಲಿಗೆ 3 ರೂಪಾಯಿ ಏರಿಸಿದ ಮೇಲೆ ಅಂತರ ಕಡಿಮೆಯಾಗಿದೆ.

ನಾನೂ ಒಂದು ವರ್ಷ ಸಾರಡ್ಕದ ಗಡಿ ದಾಟಿ ಹೋಗಿ ತುಂಬಿಸಿದವನು. ಆ ಪುಟಗಳನ್ನು ಈಗ ಕೂಡಿಸಿ ನೋಡಿದರೆ ಹೊಟ್ಟೆ ಉರಿಯುತ್ತದೆ. ಮನೆಯಿಂದ ಹೋಗಿ ಬರಲು 40 ಕಿಲೋಮೀಟರ್. ಅಂತರ ಏಳು ರೂಪಾಯಿ ಇದ್ದಾಗ ಎಂಟು ಲೀಟರು ಹಾಕಿಸಿದರೆ ಉಳಿಯುವುದು 56 ರೂಪಾಯಿ. ಆ 40 ಕಿಲೋಮೀಟರಿಗೆ ಉರಿದ ಪೆಟ್ರೋಲಿನ ಬೆಲೆ 66 ರೂಪಾಯಿ. ಹತ್ತು ರೂಪಾಯಿ ನಷ್ಟ, ಜೊತೆಗೆ ಒಂದೂವರೆ ಗಂಟೆ ಹೊತ್ತು. ಮಂಜೇಶ್ವರದವರಿಗೆ ತಲಪಾಡಿ ಹತ್ತಿರ, ಅವರ ಲೆಕ್ಕ ಬೇರೆ. ಮಂಗಳೂರಿಗೆ ಆಸ್ಪತ್ರೆ, ಕಾಲೇಜು ಎಂದು ಹೇಗೂ ಹೋಗುವವರು ಅಲ್ಲಿ ತುಂಬಿಸಿಕೊಂಡು ಬಂದರೆ ಅದು ಲಾಭವೇ. ಅಮ್ಮನನ್ನು ತಿಂಗಳಿಗೊಮ್ಮೆ ಮಂಗಳೂರಿಗೆ ಕರೆದೊಯ್ಯುವ ದಿನ ನಾನು ಈಗಲೂ ಹಾಗೆಯೇ ಮಾಡುತ್ತೇನೆ. ಕ್ಯಾನಿನಲ್ಲಿ ತುಂಬಿಸಿ ತರುವವರನ್ನೂ ಕಂಡಿದ್ದೇನೆ. ಮನೆಯೊಳಗೆ ಮಕ್ಕಳಿರುವಲ್ಲಿ ಪೆಟ್ರೋಲ್ ಕ್ಯಾನ್ ಇಡುವುದು ದಯವಿಟ್ಟು ಬೇಡ.

ಮಂಗಳೂರಿನ ಆ ಪ್ರಯಾಣದಿಂದ ಇನ್ನೊಂದು ತಿಳಿಯಿತು. ಹೊಸ ಹೆದ್ದಾರಿಯಲ್ಲಿ ಕೈ ತಾನಾಗಿ 70ಕ್ಕೆ ಏರುತ್ತದೆ, ಮೈಲೇಜು 58ರ ಸುತ್ತ ನಿಲ್ಲುತ್ತದೆ. ಅದೇ ದಾರಿಯಲ್ಲಿ 45ರಿಂದ 50ರೊಳಗೆ ಹೋದ ದಿನ 69 ಬಂದಿದೆ, ನನ್ನ ಪುಸ್ತಕದ ದಾಖಲೆ ಅದು. ವೇಗ ಒಂದೂವರೆ ಪಾಲು ಆದರೆ ಎದುರುಗಾಳಿಯ ತಡೆ ಎರಡು ಪಾಲಿಗೂ ಮೀರುತ್ತದೆ, ನೂರು ಸಿಸಿಯ ಎಂಜಿನಿಗೆ ಅದು ದೊಡ್ಡ ಹೊರೆ. ಇಬ್ಬರು ಕುಳಿತು ಚಡಾವು ಹತ್ತುವಾಗ ಮೂರನೆಯ ಗೇರಿನಲ್ಲೇ ಎಳೆಸಲು ಹಟ ಹಿಡಿಯಬೇಡಿ, ಎರಡಕ್ಕೆ ಇಳಿಸಿ. ಇಳಿಜಾರಿನಲ್ಲಿ ಎಂಜಿನ್ ಬಂದ್ ಮಾಡಿ ನ್ಯೂಟ್ರಲಿನಲ್ಲಿ ಉರುಳಿಸುವವರು ನಮ್ಮಲ್ಲಿ ಬಹಳ. ನಾನು ಮಾಡುವುದಿಲ್ಲ, ತಿರುವಿನಲ್ಲಿ ಬಸ್ ಎದುರಾದಾಗ ಬೇಕಾಗುವುದು ಎಂಜಿನಿನ ಹಿಡಿತ. ಅಂಗಡಿಯ ಮುಂದೆ ನಿಂತಾಗ ಮಾತ್ರ, ಅರ್ಧ ನಿಮಿಷಕ್ಕಾದರೂ, ಬಂದ್ ಮಾಡುತ್ತೇನೆ. ಮಳೆಗಾಲದ ಬೆಳಗ್ಗೆ ಎಳೆದ ಚೋಕನ್ನು ಗೇಟು ದಾಟುವ ಮೊದಲು ಒಳಗೆ ಹಾಕಲು ಮರೆಯಬಾರದು. ಮರೆತ ದಿನ ನೀರ್ಚಾಲಿನವರೆಗೂ ಪೆಟ್ರೋಲಿನ ವಾಸನೆ ಜೊತೆಗೇ ಬರುತ್ತದೆ.

ಎಥೆನಾಲ್ ಬಗ್ಗೆ ಅಂಗಡಿಯವರು ಬಹಳ ಕೇಳುತ್ತಾರೆ. ಶೇಕಡಾ 20 ಎಥೆನಾಲ್ ಬೆರೆಸಿದ ಪೆಟ್ರೋಲ್ 2023ರ ಫೆಬ್ರವರಿಯಲ್ಲಿ ಆರಂಭವಾಗಿ 2025ರ ಹೊತ್ತಿಗೆ ದೇಶದೆಲ್ಲೆಡೆ ಬಂದಿದೆ. ಎಥೆನಾಲಿನಲ್ಲಿ ಅಷ್ಟೇ ಪೆಟ್ರೋಲಿಗಿಂತ ಮೂರನೆಯ ಒಂದು ಪಾಲು ಶಕ್ತಿ ಕಡಿಮೆ, ಹಾಗಾಗಿ ಮೈಲೇಜು ಸ್ವಲ್ಪ ಇಳಿಯುವುದು ಸಹಜ. ನನ್ನ ಪುಸ್ತಕದಲ್ಲಿ 65 ಇದ್ದದ್ದು ಈಗ 62. ಬೈಕಿಗೂ ವಯಸ್ಸಾಗಿದೆ, ಅದರ ಪಾಲೂ ಇದರಲ್ಲಿ ಇದೆ. ಎಥೆನಾಲ್ ನೀರನ್ನು ಹೀರಿಕೊಳ್ಳುವುದರಿಂದ ಜೂನಿನಿಂದ ಸೆಪ್ಟೆಂಬರಿನವರೆಗೆ ಟ್ಯಾಂಕನ್ನು ತಳ ಕಾಣುವವರೆಗೆ ಇಳಿಸುವುದಿಲ್ಲ, ಮುಚ್ಚಳದ ರಬ್ಬರ್ ಬದಲಿಸಿದ್ದೇನೆ, ಗಟ್ಟಿಯಾಗಿದ್ದ ಪೆಟ್ರೋಲ್ ಪೈಪನ್ನೂ ಬದಲಿಸಿದ್ದೇನೆ.

ಮೈಲೇಜು ಏರುತ್ತದೆಂದು ಪೆಟ್ರೋಲ್ ಪೈಪಿಗೆ ಕಟ್ಟುವ ಅಯಸ್ಕಾಂತ ಒಂದನ್ನು ಜಾತ್ರೆಯಲ್ಲಿ 450 ರೂಪಾಯಿ ಕೊಟ್ಟು ತಂದಿದ್ದೆ. ಐದು ಸಲ ತುಂಬಿಸಿ ನೋಡಿದೆ, ಅರ್ಧ ಕಿಲೋಮೀಟರಿನ ವ್ಯತ್ಯಾಸವೂ ಬರಲಿಲ್ಲ. ಆ ದುಡ್ಡಿಗೆ ಎಣ್ಣೆ ಬದಲಿಸಬಹುದಿತ್ತು.

ದೊಡ್ಡ ಖರ್ಚುಗಳೆಂದರೆ 48,000 ಕಿಲೋಮೀಟರಿಗೆ ಕ್ಲಚ್ ಪ್ಲೇಟ್, 86,000ಕ್ಕೆ ಪಿಸ್ಟನ್ ರಿಂಗು, ನಾಲ್ಕು ಸಲ ಚೈನ್ ಸೆಟ್ಟು. ದಾರಿಯಲ್ಲಿ ಕೈಕೊಟ್ಟದ್ದು ಎಂಟು ವರ್ಷಗಳಲ್ಲಿ ಎರಡೇ ಸಲ, ಎರಡೂ ಪಂಕ್ಚರ್. ಬಿಡಿಭಾಗ ಪೆರ್ಲದಲ್ಲೂ ಸಿಗುತ್ತದೆ, ಬಿಚ್ಚಿ ಜೋಡಿಸಲು ಬಾರದ ಮೆಕ್ಯಾನಿಕ್ ಇಲ್ಲ. ನನ್ನಂಥ ಕೆಲಸದವರಿಗೆ ಇದು ಮೈಲೇಜಿನಷ್ಟೇ ದೊಡ್ಡ ಗುಣ, ಬೈಕು ಒಂದು ದಿನ ನಿಂತರೆ ಅರವತ್ತು ಅಂಗಡಿಯ ಸಂಗ್ರಹ ನಿಲ್ಲುತ್ತದೆ.

ಜೊತೆಯ ಸಂಗ್ರಾಹಕರೊಬ್ಬರು ಕಳೆದ ವರ್ಷ ವಿದ್ಯುತ್ ಸ್ಕೂಟರ್ ತೆಗೆದುಕೊಂಡಿದ್ದಾರೆ. ಅವರಿಗೂ ಒಂದು ಪುಸ್ತಕ ಕೊಟ್ಟು ಗೆರೆ ಎಳೆದುಕೊಟ್ಟಿದ್ದೇನೆ: ದಿನ, ಕಿಲೋಮೀಟರ್, ಯೂನಿಟ್. ಒಂದು ಮಳೆಗಾಲ ಪೂರ್ತಿ ಬರೆದ ಮೇಲೆ ಇಬ್ಬರೂ ಕೂತು ನೋಡುವುದೆಂದು ಮಾತಾಗಿದೆ. ಅಲ್ಲಿಯವರೆಗೆ ನಾನು ಸ್ಪ್ಲೆಂಡರ್ ಮಾರುವುದಿಲ್ಲ. ಈ ವಾರ ಹಿಂದಿನ ಟಯರ್ ಬದಲಿಸಬೇಕು, ನಡುವಿನ ಗೆರೆ ಸವೆದು ನುಣುಪಾಗಿದೆ.